ಆರಾಣೆ ತಪ್ಪಿದ ಶ್ರಾವಣ

ನಮ್ಮ ಮನೆಯ ಪಾಯಸಕ್ಕೆ ಏಲಕ್ಕಿ ಬೀಳುವುದಿಲ್ಲ. ಬಂದ ನೆಂಟರು ಒಂದು ಗುಟುಕು ಬಾಯಿಗಿಟ್ಟು ನನ್ನ ಹೆಂಡತಿ ಮಂಗಳಳ ಮುಖ ನೋಡುತ್ತಾರೆ. ಮರೆತಿರಬೇಕು ಪಾಪ, ಎಂದುಕೊಂಡು ಮಿಕ್ಕದ್ದನ್ನು ಕುಡಿಯುತ್ತಾರೆ. ಅವಳು ಮರೆತದ್ದಲ್ಲ. ಮೊನ್ನೆ ಸೋಮವಾರ ನರಸೀಪುರದಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲೆಗೆ ಬಿಸಿ ಶಾವಿಗೆ ಪಾಯಸ ಬಡಿಸಿದರು. ಏಲಕ್ಕಿಯನ್ನು ಧಾರಾಳವಾಗಿ ಹಾಕಿದ್ದರು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬಲಗೈ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಮಂಗಳ ನನ್ನ ಪಾಯಸವನ್ನು ತನ್ನ ಎಲೆಗೆ ಬಳಿದುಕೊಂಡಳು. ಹೊರಗೆ ಶ್ರಾವಣದ ಸೋನೆ ಹಿಡಿದಿತ್ತು. ಐದು ವರ್ಷದ ಹಿಂದಿನ ಶ್ರಾವಣದಲ್ಲೂ ಹೀಗೇ ಇತ್ತು, ಜೋರಾಗಿಯೂ ಹೊಯ್ಯದ, ನಿಂತೂ ಹೋಗದ ಮಳೆ.

ನಾನು ಪರವಾನಗಿ ಪಡೆದ ಭೂಮಾಪಕ. ಜನರ ಬಾಯಲ್ಲಿ ಸರ್ವೇರ್. ಮನೆ ನಂಜನಗೂಡಿನಲ್ಲಿ, ಕೆಲಸ ಹೆಚ್ಚಾಗಿ ನರಸೀಪುರದ ಸುತ್ತಿನ ಹಳ್ಳಿಗಳಲ್ಲಿ. ಇಬ್ಬರು ಹಿಡುವಳಿದಾರರ ನಡುವೆ ಗಡಿ ಎಲ್ಲಿದೆ ಎಂದು ಹಳೆಯ ದಾಖಲೆ ಹಿಡಿದು ಅಳೆದು, ಕಲ್ಲು ನೆಡಿಸಿ ಕೊಡುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಈಗ ಆಕಾಶದ ಕಡೆ ನೋಡಿ ಅಳೆಯುವ ಯಂತ್ರ ಬಂದಿದೆ. ಆಗ ನನ್ನ ಹೆಗಲ ಮೇಲೆ ಇನ್ನೂ ಸರಪಳಿಯೇ ಇತ್ತು. ಒಂದು ಸರಪಳಿಗೆ ಮೂವತ್ತಮೂರು ಅಡಿ. ಅದನ್ನು ಹದಿನಾರು ಪಾಲು ಮಾಡಿ ಒಂದೊಂದು ಪಾಲಿಗೆ ಒಂದಾಣೆ ಎಂದು ಕರೆಯುವುದು ನಮ್ಮ ಕಸುಬಿನ ರೂಢಿ. ಆಣೆಗೆ ಎರಡಡಿ ಚಿಲ್ಲರೆ. ಅಂಗಡಿಯಲ್ಲಿ ಆಣೆ ನಿಂತುಹೋಗಿ ಎಷ್ಟೋ ಕಾಲವಾಯಿತು, ಹೊಲದಲ್ಲಿ ಮಾತ್ರ ಉಳಿದುಕೊಂಡಿತು. ನನ್ನ ಬಾಳಿನಲ್ಲಿ ಇನ್ನೊಂದು ಬಗೆಯ ಆಣೆಯೂ ಇತ್ತು. ಅದನ್ನು ನಂಜುಂಡೇಶ್ವರನ ಮುಂದೆ ಇಡುತ್ತಿದ್ದೆ, ವರ್ಷಕ್ಕೊಂದಾದರೂ.

ಕುಡಿತ ನನಗೆ ಅಂಟಿದ್ದು ಕಸುಬಿನಿಂದ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಕಲ್ಲು ನೆಟ್ಟ ಮೇಲೆ ಗೆದ್ದ ಕಡೆಯವರು ತೋಪಿನಲ್ಲಿ ಬಾಡೂಟ ಹಾಕಿಸುವುದು, ಜೊತೆಗೆ ಎಣ್ಣೆ ಇಡುವುದು ಊರೂರಲ್ಲೂ ಇದ್ದ ಪದ್ಧತಿ. ನಾವು ಲಿಂಗ ಕಟ್ಟಿದ ಮನೆಯವರು, ನಾನು ಬಾಡು ಮುಟ್ಟುತ್ತಿರಲಿಲ್ಲ. ಒಂದು ಹಿಡಿ ಖಾರ ಕಡ್ಲೆಪುರಿ ಮುಂದಿಟ್ಟುಕೊಂಡು ಬರೀ ಕುಡಿಯುತ್ತಿದ್ದೆ, ಆಮೇಲೆ ಮಠದ ಸ್ವಾಮಿಗಳ ಮುಂದೆ ನಿಂತು ನಾನು ಇವತ್ತಿಗೂ ಶಾಕಾಹಾರಿ ಎಂದು ಎದೆ ಸೆಟೆಸುತ್ತಿದ್ದೆ. ಕಳ್ಳನಿಗೊಂದು ಪಿಳ್ಳೆ ನೆವ. ಅದೇ ತೋಪಿನಲ್ಲಿ ಅದೇ ಊಟಕ್ಕೆ ಕೂತು ಕಾಫಿ ಕುಡಿದು ಎದ್ದುಹೋದ ಸರ್ವೇರುಗಳೂ ಇದ್ದರು. ಅವರಿಗೆ ಅಂಟಲಿಲ್ಲ, ನನಗೆ ಅಂಟಿತು. ಮೊದಲು ಕಲ್ಲು ನೆಟ್ಟ ದಿನ, ಆಮೇಲೆ ಕಲ್ಲು ನೆಡದ ದಿನ, ಆಮೇಲೆ ಕಲ್ಲು ನೆಡಲು ಹೊರಡುವ ಮುಂಚೆ.

ಮಂಗಳ ತಗಡೂರಿನವಳು. ಅವಳ ತಾತ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹೆಂಡದಂಗಡಿಯ ಮುಂದೆ ಅಡ್ಡ ಮಲಗಿ ಲಾಠಿ ಏಟು ತಿಂದವರಂತೆ. ಮದುವೆಯ ಹೊಸತರಲ್ಲಿ ಆ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಬರಬರುತ್ತಾ ಹೇಳುವುದನ್ನು ಬಿಟ್ಟಳು. ಅಂಗನವಾಡಿಯಲ್ಲಿ ಟೀಚರ್ ಕೆಲಸ ಅವಳದು. ಬೆಳಿಗ್ಗೆ ನನಗೆ ಫೋನ್ ಬಂದರೆ ತಾನೇ ಎತ್ತಿ, "ಅವರಿಗೆ ಜ್ವರ, ನಾಳೆ ಬರ್ತಾರೆ" ಎನ್ನುವಳು. ಎಷ್ಟು ಸಲ ಹೇಳಿದ್ದಳೆಂದರೆ ಕೊನೆಕೊನೆಗೆ ಆ ಮಾತಿಗೆ ಧ್ವನಿಯನ್ನು ಏರಿಸಿ ಇಳಿಸುವ ಗೋಜಿಗೂ ಹೋಗುತ್ತಿರಲಿಲ್ಲ.

ನಾನು ಕುಡುಕನಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಒಂದೇ ಒಂದು ಸಾಕ್ಷಿ ಇತ್ತು: ಶ್ರಾವಣ. ನಮ್ಮ ಕಡೆ ಎಂಥ ಕುಡುಕನಾದರೂ ಶ್ರಾವಣ ಬಿಡುತ್ತಾನೆ, ಅಂದರೆ ಆ ಒಂದು ತಿಂಗಳು ಕುಡಿಯುವುದಿಲ್ಲ. ಬಿಟ್ಟು ತಿಂಗಳೆಲ್ಲ ವಿಭೂತಿ ಹಚ್ಚಿಕೊಂಡು ಓಡಾಡಿ, ಹಬ್ಬ ಮುಗಿದ ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತಾನೆ. ಶ್ರಾವಣ ಬಿಟ್ಟವನು ಕುಡುಕನಲ್ಲ, ಬೇಕೆಂದಾಗ ಬಿಡಬಲ್ಲ ಎನ್ನುವುದು ಊರು ಒಪ್ಪಿದ ಅಳತೆ. ನಾನೂ ಹನ್ನೆರಡು ವರ್ಷ ಬಿಟ್ಟಿದ್ದೆ. ಅದರಲ್ಲಿ ಕೊನೆಯ ಎರಡು ವರ್ಷ ಹೇಗೆ ಬಿಟ್ಟೆ, ಎಷ್ಟು ದಿನ ಬಿಟ್ಟೆ ಎಂದು ಮಂಗಳ ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ವರ್ಷ ಕಬಿನಿ ಜಲಾಶಯ ತುಂಬಿ ನೀರು ಬಿಟ್ಟಿದ್ದರು. ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ಮುಳುಗಿ ಕಪಿಲೆ ಕೆಂಪಗೆ ಹರಿಯುತ್ತಿದ್ದಳು. ಶ್ರಾವಣದ ಮೊದಲ ದಿನ ಬೆಳಿಗ್ಗೆ ಮೇಲಿನ ಮೆಟ್ಟಿಲಲ್ಲೇ ಚೊಂಬಿನಲ್ಲಿ ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ದೇವಸ್ಥಾನಕ್ಕೆ ಹೋಗಿ, ನಂಜುಂಡೇಶ್ವರನ ಮುಂದೆ ಕೈ ಮುಂದಿಟ್ಟು ಆಣೆ ಇಟ್ಟೆ: ತಿಂಗಳು ಮಾತ್ರವಲ್ಲ, ಇನ್ನು ಮುಂದಕ್ಕೂ ಮುಟ್ಟುವುದಿಲ್ಲ. ವಿಷವನ್ನೇ ಕುಡಿದು ಗಂಟಲಲ್ಲಿ ಇಟ್ಟುಕೊಂಡ ದೇವರು. ಅವನಿಗೆ ಇಂಥ ಎಷ್ಟು ಜನ ಬಂದು ಹೋಗಿರಬೇಕು. ಮಂಗಳ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದ್ದಳು. ಇನ್ನೊಂದು ವಿಷಯ ಈಗ ಹೇಳಬೇಕು. ಆಣೆ ಇಡುವ ಹಿಂದಿನ ದಿನ ಸಂಜೆಯೇ ತೊಂಬತ್ತು ಎಂಎಲ್ ವಿಸ್ಕಿಯ ಎರಡು ಪ್ಯಾಕೆಟ್ಟು ತಂದು ನನ್ನ ಸರ್ವೆ ಚೀಲದ ತಳದಲ್ಲಿ, ಸರಪಳಿಯ ಕೆಳಗೆ ಇಟ್ಟಿದ್ದೆ. ಕುಡಿಯಲಿಕ್ಕಲ್ಲ, ಇರಲಿ ಎಂದು.

ಎರಡನೆಯ ದಿನ ನಿದ್ದೆ ಬರಲಿಲ್ಲ. ಮೈಯೆಲ್ಲ ಬೆವರು, ಬಾಯಿ ಒಣಗಿ ಅಂಟುತ್ತಿತ್ತು, ಯಾರಾದರೂ ಪಾತ್ರೆ ಇಟ್ಟರೆ ಮೈ ಬೆಚ್ಚುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕೈ ನೋಡಿದೆ. ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಅಂಗಿಯ ಗುಂಡಿಯನ್ನು ಮಂಗಳ ಹಾಕಿದಳು, "ಇವತ್ತು ಹೋಗಲೇಬೇಕಾ?" ಎಂದಳು. ನೋಟಿಸು ಹೋಗಿತ್ತು, ಎರಡೂ ಕಡೆಯವರು ಹೊಲದಲ್ಲಿ ಕಾಯುತ್ತಿದ್ದರು. ಹೋದೆ.

ತಲಕಾಡಿನ ದಾರಿಯಲ್ಲಿ, ನಾಲೆಯ ಪಕ್ಕದ ಒಂದು ಹಳ್ಳಿ ಅದು. ಸುತ್ತ ಆಳೆತ್ತರದ ಕಬ್ಬು, ನಡುವೆ ಹತ್ತು ಗುಂಟೆಯ ಒಂದು ಉದ್ದನೆಯ ಪಟ್ಟಿ. ಸರ್ಕಾರ ಎಂದೋ ಮಂಜೂರು ಮಾಡಿಕೊಟ್ಟ ಜಮೀನು. ಅದರ ಒಡತಿ ಚಿಕ್ಕತಾಯಮ್ಮ, ಐವತ್ತರ ಆಸುಪಾಸಿನ ಹೆಂಗಸು, ಗಂಡ ಇಲ್ಲ. ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿ, ತನ್ನ ಪಟ್ಟಿಯಲ್ಲಿ ಸೊಪ್ಪು, ಅವರೆ, ಒಂದಿಷ್ಟು ರಾಗಿ ಬೆಳೆದುಕೊಳ್ಳುತ್ತಿದ್ದಳು. ಪಟ್ಟಿಯ ಆ ತುದಿಯಲ್ಲಿ ಗಂಡನ ಸಮಾಧಿ ಇತ್ತು, ಮೊಣಕಾಲೆತ್ತರದ ಸಿಮೆಂಟು ಕಟ್ಟೆ, ತಲೆಯ ಕಡೆ ದೀಪಕ್ಕೊಂದು ಗೂಡು, ಗೂಡಿನಲ್ಲಿ ಅಂಗೈಯಗಲದ ಬುದ್ಧನ ಮೂರ್ತಿ. ಅಳತೆಗೆ ಅರ್ಜಿ ಹಾಕಿದ್ದು ಪಕ್ಕದ ಜಮೀನಿನ ಪುಟ್ಟಮಾದಪ್ಪ. ಕೆಟ್ಟ ಮನುಷ್ಯನಲ್ಲ. ಮಧ್ಯದ ಕಲ್ಲು ಕಿತ್ತುಹೋಗಿತ್ತು, ಬೇಲಿ ಹಾಕಿಸುವ ಮೊದಲು ಖಚಿತವಾಗಲಿ ಎಂದಿದ್ದ, ಅಷ್ಟೇ.

ಚೀಲದಿಂದ ದಾಖಲೆಯ ಹಾಳೆ ತೆಗೆದೆ. ನಾಲೆಯ ಕಲ್ಲಿನಿಂದ ಐದು ಸರಪಳಿ ಹನ್ನೊಂದಾಣೆ, ಅಲ್ಲಿ ಗಡಿ. ಹಾಳೆ ಗಾಳಿಗೆ ಸಿಕ್ಕ ಬಾಳೆಲೆಯಂತೆ ಅಲ್ಲಾಡುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಪುಟ್ಟಮಾದಪ್ಪನ ಇಬ್ಬರು ಆಳುಗಳು ನನ್ನ ಕೈಯನ್ನೇ ನೋಡುತ್ತಿದ್ದರು. ಈಗ ಬಂದೆ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಕಬ್ಬಿನೊಳಕ್ಕೆ ಹೋದೆ. ಹಲ್ಲಿನಲ್ಲಿ ಪ್ಯಾಕೆಟ್ಟಿನ ಮೂಲೆ ಕಚ್ಚಿ ಹರಿದು ಒಂದನ್ನು, ಸ್ವಲ್ಪ ಹೊತ್ತು ನಿಂತು ಇನ್ನೊಂದನ್ನು ಕುಡಿದೆ. ವಾಸನೆ ಮುಚ್ಚಲು ಜೇಬಿನಲ್ಲಿ ಸದಾ ಇರುತ್ತಿದ್ದ ನಾಲ್ಕು ಏಲಕ್ಕಿ ಬಾಯಿಗೆ ಹಾಕಿ ಅಗಿದೆ. ಕಬ್ಬಿನ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ನಿಮಿಷಕ್ಕೆ ಕೈ ಕಲ್ಲಿನಂತೆ ನಿಂತಿತು. ಆಣೆ ಮುರಿಯಿತು ಎಂದು ಒಂದು ತೊಟ್ಟು ದುಃಖವಾಗಲಿಲ್ಲ, ಅಬ್ಬ ಎನ್ನಿಸಿತು. ಅದನ್ನು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ.

ಜನ ತಿಳಿದಿರುತ್ತಾರೆ, ಕೈ ನಡುಗುವವನು ತಪ್ಪು ಅಳೆಯುತ್ತಾನೆ ಎಂದು. ನಡುಗುವವನು ಹೆದರಿಕೊಂಡು ಎರಡೆರಡು ಸಲ ನೋಡುತ್ತಾನೆ. ತಪ್ಪು ಮಾಡಿದ್ದು ಕುಡಿದು ನೆಟ್ಟಗಾದ ಕೈ. ಹೊರಗೆ ಬಂದವನೇ ನನಗೆ ಎಲ್ಲಿಲ್ಲದ ಗೆಲುವು ಬಂತು. ಪುಟ್ಟಮಾದಪ್ಪನನ್ನು ರೇಗಿಸಿದೆ, ಆಳುಗಳನ್ನು ನಗಿಸಿದೆ. ಸರಪಳಿ ಒಂದಾಯಿತು, ಎರಡಾಯಿತು, "ಐದಾಯ್ತು ಸಾ" ಎಂದು ಆಳು ಕೂಗಿದ. ಅಲ್ಲಿಂದ ಇನ್ನು ಹನ್ನೊಂದಾಣೆ ಹೋಗಬೇಕು. ನಾನು ನಗುತ್ತಾ, "ಐದಾ? ಐದು, ಐದು" ಎನ್ನುತ್ತಾ ಐದಾಣೆಯ ಗುರುತಿಗೆ ಸರಪಳಿಗೆ ಕಟ್ಟಿದ್ದ ಬಿಲ್ಲೆಯ ಹತ್ತಿರ ಗೂಟ ಹೊಡೆಸಿದೆ. ಬಾಯಲ್ಲಿ ಐದಿತ್ತು, ಕೈಯೂ ಐದಕ್ಕೇ ನಿಂತಿತು. ಗೂಟ ಕಿತ್ತು ಅಲ್ಲಿ ಕಲ್ಲು ನೆಟ್ಟರು. ಆರಾಣೆ ಕಮ್ಮಿ, ಅಂದರೆ ಹನ್ನೆರಡಡಿಗೂ ಸ್ವಲ್ಪ ಮೇಲೆ. ಸಮಾಧಿ ಗಡಿಕಲ್ಲಿನ ಆಚೆಗೆ, ಪುಟ್ಟಮಾದಪ್ಪನ ಕಡೆಗೆ ಹೋಯಿತು.

ಚಿಕ್ಕತಾಯಮ್ಮ ಕೂಗಾಡಲಿಲ್ಲ. ಕಲ್ಲನ್ನು ನೋಡಿದಳು, ಕಟ್ಟೆಯನ್ನು ನೋಡಿದಳು.

"ಇದೇನ್ ಸಾ, ನಮ್ಮೆಜಮಾನ್ರು ಆ ಕಡೀಕೆ ಒಂಟೋದ್ರಲ್ಲ."

"ದಾಖಲೆ ಪ್ರಕಾರ ಅಳತೆ ಆಗಿದೆಯಮ್ಮ. ತಕರಾರಿದ್ರೆ ಆಫೀಸಿಗೆ ಅರ್ಜಿ ಹಾಕು. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಬೇಡ" ಎಂದೆ. ಧ್ವನಿ ಬೇಕೆಂದೇ ಏರಿಸಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅವಳು ಸಹಿ ಹಾಕುವ ನೆವದಲ್ಲಿ ಹತ್ತಿರ ಬಂದಳು. ಹೆಬ್ಬೆಟ್ಟಿಗಲ್ಲ, ಪೆನ್ನಿಗೆ ಕೈ ಚಾಚಿದಳು. ನನ್ನ ಮುಖದ ಹತ್ತಿರ ಒಂದು ಕ್ಷಣ ನಿಂತು, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ಬೆಳಿಗ್ಗೆ ಎಷ್ಟೊತ್ಗೆ ಸುರು ಮಾಡ್ಕತೀರಿ ಸಾ?"

"ಏನು?"

"ಏಲಕ್ಕಿ ಅಗೀತಾ ಇದ್ದೀರಲ್ಲ, ಅದ್ಕೇ ಕೇಳ್ದೆ. ನಮ್ಮೋರೂ ಅಗೀತಿದ್ರು. ಜೇಬಿನ್ ತುಂಬ ಮಡಿಕ್ಕಂಡಿರೋರು." ಸಮಾಧಿಯ ಕಡೆ ಗದ್ದ ತೋರಿಸಿದಳು. "ಬಂದಾಗ ನಿಮ್ ಕೈ ನೋಡ್ದೆ. ಕಬ್ಬಿನೊಳೀಕ್ ಓಗ್ಬಂದ್ ಮ್ಯಾಲೂ ನೋಡ್ದೆ. ಶ್ರಾವಣ ಬುಟ್ಟಿದ್ರಾ?"

ನಾನು ಸಹಿಯ ಕಾಗದವನ್ನು ಅವಳ ಮುಂದಕ್ಕೆ ತಳ್ಳಿದೆ.

"ನಮ್ಮೋರೂ ಅಂಗೇ ಸಾ. ಶ್ರಾವಣ ಬುಡ್ತೀನಿ ಅಂತ ದೇವರ್ ತಾವು ಆಣೆ ಮಾಡಿ ಒಂದೇ ಏಟ್ಗೆ ಬುಟ್ರು. ಮೂರ್ನೇ ದಿನುಕ್ಕೆ ಫಿಟ್ಸ್ ಬಂತು. ಆಸ್ಪತ್ರೆಗೆ ಆಟೋ ತರಾಕ್ ಓಗಿದ್ದೆ, ಬರೋಗಂಟ ಇರ್ನಿಲ್ಲ. ಆಮ್ಯಾಕೆ ಡಾಕ್ಟ್ರಮ್ಮ ಏಳಿದ್ರು, ಅಷ್ಟ್ ವರ್ಸ ಕುಡ್ದೋರು ಅಂಗ್ ಬುಡಬಾರ್ದಂತೆ, ಔಸ್ದಿ ಕೊಟ್ಟು ಬುಡುಸ್ಬೇಕಂತೆ. ನಮ್ಗೇನ್ ಗೊತ್ತು." ಕಾಗದದ ಮೇಲೆ ನಿಧಾನವಾಗಿ ತನ್ನ ಹೆಸರು ಬರೆದು ಪೆನ್ನು ವಾಪಸ್ಸು ಕೊಟ್ಟಳು. "ಆಣೆ ಮಾಡಿ ಬುಡಬ್ಯಾಡಿ ಸಾ. ಆಸ್ಪತ್ರೆಗೋಗಿ ಬುಡಿ."

ಗಂಡನ ಸಮಾಧಿಯನ್ನು ಕಳೆದುಕೊಂಡು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಕಳೆದವನಿಗೆ ಬದುಕುವ ದಾರಿ ಹೇಳುತ್ತಿದ್ದಳು. ಅವತ್ತು ನನಗೆ ಅದು ಹಾಗೆ ಕಾಣಲಿಲ್ಲ. ಯಾವಳೋ ಹೆಂಗಸು ಹೊಲದ ನಡುವೆ ನನ್ನ ಮಾನ ತೆಗೆದಳು ಎಂದು ಸಿಟ್ಟು ಬಂತು. ಆ ಸಿಟ್ಟನ್ನು ಇಳಿಸಲು ಬಸ್ಸು ಹತ್ತುವ ಮುಂಚೆ ಇನ್ನೊಂದು ಪ್ಯಾಕೆಟ್ಟು ಬೇಕಾಯಿತು. ಅಲ್ಲಿಂದಾಚೆ ನನ್ನ ಶ್ರಾವಣ ಮುಗಿಯಿತು, ಪಂಚಾಂಗದಲ್ಲಿ ಮಾತ್ರ ನಡೆಯುತ್ತಿತ್ತು.

ಹತ್ತು ಹನ್ನೆರಡು ದಿನದ ಮೇಲೆ ನಕ್ಷೆ ಬರೆದು ಕಚೇರಿಗೆ ಒಪ್ಪಿಸಬೇಕಿತ್ತು. ಮಂಗಳ ಅಂಗನವಾಡಿಗೆ ಹೊರಡುವ ತಯಾರಿಯಲ್ಲಿದ್ದಳು. ನಾನು ಮೇಜಿನ ಮುಂದೆ ಹೊಲದ ಅಳತೆಗಳನ್ನು ಹರಡಿಕೊಂಡು ಕೂತೆ. ಕೂಡಿ ನೋಡಿದೆ, ವಿಸ್ತೀರ್ಣ ಹತ್ತು ಗುಂಟೆಗೆ ಬರಲಿಲ್ಲ. ಇನ್ನೊಂದು ಸಲ ನೋಡಿದೆ. ದಾಖಲೆಯಲ್ಲಿ ಹನ್ನೊಂದು, ನನ್ನ ಪುಸ್ತಕದಲ್ಲಿ ಐದು. ಸರಿ, ತಪ್ಪಾಗಿದೆ, ತಿದ್ದಿ ಮರು ಅಳತೆಗೆ ಬರೆದುಕೊಡೋಣ ಎಂದು ಪೆನ್ನು ತೆಗೆದುಕೊಂಡೆ. ಪೆನ್ನು ಕಾಗದದ ಮೇಲೆ ನಿಲ್ಲಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದೆ, ಆಗಲೂ ಇಲ್ಲ. ಆಗ, ನನಗೆ ಗೊತ್ತಿಲ್ಲದ ಹಾಗೆಯೇ ಕಾಲುಗಳು ಎದ್ದು ಸ್ನಾನದ ಮನೆಯ ಕಡೆ ಹೊರಟವು. ಅಲ್ಲಿ ಹಂಡೆಯ ಹಿಂದೆ ನನ್ನ ದಾಸ್ತಾನು ಇತ್ತು. ಬಾಗಿಲಿನ ಚಿಲಕಕ್ಕೆ ಕೈ ಹಾಕಿದವನು ಅಲ್ಲೇ ನಿಂತೆ. ಕುಡಿದು ಮಾಡಿದ ತಪ್ಪನ್ನು ತಿದ್ದಲಿಕ್ಕೂ ಒಂದು ತೊಂಬತ್ತು ಬೇಕಾಗಿತ್ತು. ಅದಕ್ಕಿಂತ ಮುಂದೆ ನನಗೆ ಯಾವ ನೆವವೂ ಹೊಳೆಯಲಿಲ್ಲ.

ಮಂಗಳ ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು, "ಆಸ್ಪತ್ರೆಗೆ ಹೋಗೋಣ" ಎಂದೆ.

"ಜ್ವರಾನಾ?" ತಿರುಗಿಯೂ ನೋಡಲಿಲ್ಲ.

"ಅಲ್ಲ. ಇದನ್ನ ಬಿಡೋಕೆ."

ನಲ್ಲಿ ನಿಲ್ಲಿಸಿದಳು. "ಈ ಸಲ ಆಣೆ ಇಡಲ್ವಾ?"

"ಇಡಲ್ಲ. ಆಣೆ ಇಟ್ಟು ಬಿಟ್ಟರೆ ಸತ್ತೂ ಹೋಗಬಹುದಂತೆ."

"ಯಾರು ಹೇಳಿದ್ದು?"

ಆಗ ಎಲ್ಲ ಹೇಳಿದೆ. ಪ್ಯಾಕೆಟ್ಟು, ಕಬ್ಬು, ಐದು, ಹನ್ನೊಂದು, ಸಮಾಧಿ. ಹೇಳುತ್ತಾ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಫೋನ್ ತೆಗೆದುಕೊಂಡು ತನ್ನ ಮೇಲಿನವರಿಗೆ, "ಇವತ್ತು ರಜೆ ಬೇಕು ಮೇಡಂ" ಎಂದಳು. ಯಾಕೆ ಎಂದು ಆ ಕಡೆಯಿಂದ ಕೇಳಿರಬೇಕು. "ನಮ್ಮನೆಯವರು ಕುಡೀತಾರೆ. ಬಿಡಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ" ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಧ್ವನಿ ಫೋನಿನಲ್ಲಿ ಏರಿ ಇಳಿದದ್ದನ್ನು ಕೇಳಿದೆ.

ಮೈಸೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಸೂಜಿ, ಮಾತ್ರೆ, ಗ್ಲೂಕೋಸು. ಮೂರನೆಯ ದಿನ ಗೋಡೆಯ ಮೇಲೆ ಇರುವೆ ಸಾಲು ಕಂಡಿತು, ಅದನ್ನು ಸರಪಳಿ ಹಿಡಿದು ಅಳೆಯಿರಿ ಎಂದು ಯಾರಿಗೋ ಕೂಗಾಡಿದೆನಂತೆ. ಅಲ್ಲಿ ಇರುವೆಯೂ ಇರಲಿಲ್ಲ, ಸಾಲೂ ಇರಲಿಲ್ಲ. ಡಾಕ್ಟರು ಮಂಗಳಳಿಗೆ, "ಮನೇಲೇ ನಿಲ್ಲಿಸಿದ್ದಿದ್ರೆ ಕಷ್ಟ ಇತ್ತು" ಎಂದಷ್ಟೇ ಹೇಳಿದರು. ನನಗೆ ಚಿಕ್ಕತಾಯಮ್ಮ ಆಟೋ ತರಲು ಓಡಿದ್ದು ನೆನಪಾಯಿತು.

ಬಿಡುಗಡೆಯಾದ ಮೇಲೆ ಪ್ರತಿ ಮಂಗಳವಾರ ನಂಜನಗೂಡಿನಲ್ಲೇ ಆಪ್ತ ಸಮಾಲೋಚನೆಗೆ ಹೋಗಬೇಕೆಂದರು. ಸಮಾಲೋಚಕಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಅಕ್ಕನ ಮಗಳ ವಾರಿಗೆಯವಳು. ಇವಳು ನನಗೇನು ಬುದ್ಧಿ ಹೇಳುತ್ತಾಳೆ ಎಂದುಕೊಂಡೇ ಕೂತೆ. ಅವಳು ಬುದ್ಧಿ ಹೇಳಲಿಲ್ಲ.

"ಆಸ್ಪತ್ರೆಗೆ ಸೇರೋ ಮುಂಚೆ ದಿನಕ್ಕೆ ಎಷ್ಟು ಕುಡೀತಿದ್ರಿ?"

"ಒಂದು ತೊಂಬತ್ತು ಮೇಡಂ. ಅದೂ ದಿನಾ ಇಲ್ಲ."

ಪಕ್ಕದಲ್ಲಿ ಮಂಗಳ ತನ್ನ ಬಳೆಗಳನ್ನು ತಿರುಗಿಸುತ್ತಾ ಕೂತಿದ್ದಳು. ಸಮಾಲೋಚಕಿ ಅವಳನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ನೀವು ಜಮೀನು ಅಳೆಯೋರಲ್ವಾ ಸದಾಶಿವಪ್ಪನವರೇ? ಅಳತೆ ಗೊತ್ತಿಲ್ಲದವರು ಹೀಗೆ ಹೇಳಿದ್ರೆ ನಾನು ಬಿಟ್ಟುಬಿಡ್ತಿದ್ದೆ. ಹೋಗ್ಲಿ, ಬೆಳಿಗ್ಗೆ ಮೊದಲನೇದು ಎಷ್ಟು ಗಂಟೆಗೆ?"

ಅದೇ ಪ್ರಶ್ನೆ. ಹೊಲದಲ್ಲಿ ಸಿಟ್ಟು ಬಂದಿತ್ತು, ಇಲ್ಲಿ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. "ಐದೂವರೆಗೆ" ಎಂದೆ. ಆಮೇಲೆ ಒಂದೊಂದೇ ಹೇಳಿದೆ. ಐದೂವರೆಗೆ ಒಂದು, ಬಸ್ಸಿನ ಹೊತ್ತಿಗೆ ಒಂದು, ಹೊಲದಲ್ಲಿ ಎರಡು, ಬರುವಾಗ, ಬಂದ ಮೇಲೆ. ಸರಪಳಿ ಎಳೆದಂತೆ ಉದ್ದಕ್ಕೆ ಹೋಗುತ್ತಲೇ ಇತ್ತು. ಮಂಗಳಳ ಬಳೆಯ ಸದ್ದು ನಿಂತುಹೋಗಿತ್ತು. ಅವಳಿಗೂ ಪೂರ್ತಿ ಗೊತ್ತಿರಲಿಲ್ಲ.

ಮುಗಿದ ಮೇಲೆ ನಾನು ಕೈ ಮುಗಿದು, "ನಂಜುಂಡೇಶ್ವರನ ಆಣೆಗೂ ಇನ್ನು ಮುಟ್ಟಲ್ಲ ಮೇಡಂ" ಎಂದೆ.

"ಆಣೆ ಬೇಡ. ಆಣೆ ಇಟ್ಟರೆ ಅದು ಮುರಿದ ದಿನ ನೀವು ನನ್ನಿಂದ ಬಚ್ಚಿಟ್ಕೋತೀರಿ. ಮುರಿದ ದಿನವೇ ನೀವಿಲ್ಲಿಗೆ ಬರಬೇಕಾಗಿರೋದು. ಬಂದು ನಿಜ ಹೇಳಿ, ಅಷ್ಟು ಸಾಕು." ಆಮೇಲೆ ಮಂಗಳಳನ್ನು ಕೇಳಿದಳು, "ನಿಮಗೆ ಹೇಗಿದೆ?"

"ನಂಗೇನಾಗಿದೆ ಮೇಡಂ, ನಾನೇನು ಕುಡಿಯಲ್ವಲ್ಲ" ಎಂದಳು ಮಂಗಳ. ಬಳೆಯನ್ನು ಮತ್ತೊಂದು ಸುತ್ತು ತಿರುಗಿಸಿ, "ಇವರಿಗೆ ಜ್ವರ ಅಂತ ಹೇಳೀ ಹೇಳೀ ನನ್ನ ಬಾಯಿ ಸೋತುಹೋಗಿದೆ. ಅಂಗನವಾಡಿ ಮಕ್ಕಳೇ ಕೇಳ್ತವೆ, ಟೀಚರ್, ನಿಮ್ಮನೆ ಮಾವನಿಗೆ ಇನ್ನೂ ಜ್ವರ ಬಿಟ್ಟಿಲ್ವಾ ಅಂತ" ಎಂದವಳು ನಗಲು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಡಲು ಹೋದೆ. ಕೈಯನ್ನು ಪಕ್ಕಕ್ಕೆ ಸರಿಸಿದಳು. ಸರಿಯಾಗಿಯೇ ಸರಿಸಿದಳು.

ಭಾದ್ರಪದದಲ್ಲಿ ಕಚೇರಿಗೆ ಹೋಗಿ, ನನ್ನ ಅಳತೆ ಆರಾಣೆ ತಪ್ಪಿದೆ, ಮರು ಅಳತೆ ಆಗಬೇಕು ಎಂದು ಬರೆದುಕೊಟ್ಟೆ. ಕಾರಣ ಎನ್ನುವ ಕಡೆ ಮೊದಲು ಮಳೆ ಎಂದು ಬರೆದೆ. ಅದನ್ನು ಹೊಡೆದುಹಾಕಿ, ನಾನು ಕುಡಿದಿದ್ದೆ ಎಂದು ಬರೆದೆ. ಮೇಲಿನ ಸಾಹೇಬರು ಒಳ್ಳೆಯವರು, ಓದಿ ಗಾಬರಿಯಾದರು. "ಇದನ್ನೆಲ್ಲ ಯಾಕ್ರೀ ಬರೀತೀರಿ? ಕಣ್ತಪ್ಪು ಅಂತ ಬರೀರಿ, ಮುಗಿದುಹೋಗುತ್ತೆ. ಸುಮ್ನೆ ಅನ್ನಕ್ಕೆ ಕಲ್ಲು ಹಾಕ್ಕೋಬೇಡಿ" ಎಂದರು. ಕುಡುಕನಿಗೆ ಸುಳ್ಳು ಹೇಳಲು ಎಷ್ಟು ಜನ ನೆರವಾಗುತ್ತಾರೆ, ಎಲ್ಲರೂ ಪ್ರೀತಿಯಿಂದಲೇ. ಬರೆದದ್ದನ್ನು ಬದಲಿಸಲಿಲ್ಲ. ಆರು ತಿಂಗಳು ನನ್ನ ಲೈಸೆನ್ಸು ನಿಂತಿತು.

ಇಷ್ಟು ಮಾಡಿದ ಮೇಲೆ ಗೆದ್ದೆ ಎಂದುಕೊಂಡಿದ್ದೆ. ಆಯುಧಪೂಜೆ ಬಂತು. ಕೆಲಸವಿಲ್ಲದ ಸರಪಳಿಯನ್ನು ತೊಳೆದು, ವಿಭೂತಿ ಬಳಿದು, ಸೇವಂತಿಗೆ ಹೂ ಮುಡಿಸಿ ಗೂಟಕ್ಕೆ ನೇತುಹಾಕಿದೆ. ಊರ ತುಂಬ ಗಾಡಿಗಳ ಹಾರನ್ನು, ಕುಂಬಳಕಾಯಿ ಒಡೆಯುವ ಸದ್ದು. ಹೂ ಮುಡಿದು ಸುಮ್ಮನೆ ನೇತಾಡುವ ಸರಪಳಿಯನ್ನು ನೋಡುತ್ತಾ ಕೂತಿರಲು ಆಗಲಿಲ್ಲ. ಬಾಳೆಕಂದು ತರುತ್ತೇನೆಂದು ಹೋದವನು ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ನಿಂತು ಕುಡಿದು ಬಂದೆ. ಜೊತೆಗೆ ಏಲಕ್ಕಿಯನ್ನೂ ಅಗಿದಿದ್ದೆ. ಮಂಗಳ ಬಾಗಿಲಲ್ಲೇ ಮೂಸಿದಳು. ಒಲೆಯ ಮೇಲಿದ್ದ ಪಾಯಸಕ್ಕೆಂದು ಕುಟ್ಟಿ ಇಟ್ಟಿದ್ದ ಏಲಕ್ಕಿ ಪುಡಿಯನ್ನು ತೆಗೆದುಕೊಂಡು ಹೋಗಿ ಮೋರಿಗೆ ಸುರಿದಳು. ಅವತ್ತಿನಿಂದ ನಮ್ಮ ಮನೆಗೆ ಏಲಕ್ಕಿ ಬಂದಿಲ್ಲ.

ಮುಂದಿನ ಮಂಗಳವಾರ ಸಮಾಲೋಚಕಿಯ ಹತ್ತಿರ ಹೋಗುವುದೇ ಬೇಡ ಎಂದು ಜಗುಲಿಯಲ್ಲಿ ಕೂತಿದ್ದೆ. ಚಪ್ಪಲಿ ಹಾಕಿಕೊಂಡದ್ದು ಮಂಗಳಳ ಕಣ್ಣಿಗೆ ಹೆದರಿ. ಹೋಗಿ ಹೇಳಿದೆ. ಆ ಹುಡುಗಿ ಮುಖ ಗಂಟು ಹಾಕಲಿಲ್ಲ. ಅವತ್ತು ಬೆಳಿಗ್ಗೆಯಿಂದ ಏನೇನಾಯಿತು, ಯಾವಾಗ ಮನಸ್ಸು ಜಾರಿತು ಎಂದು ಒಂದೊಂದೇ ಕೇಳಿದಳು. "ಸರಿ, ಗೂಟ ಎಲ್ಲಿ ತಪ್ಪಿತು ಅಂತ ಗೊತ್ತಾಯ್ತಲ್ಲ. ಅಲ್ಲಿಂದ ಮತ್ತೆ ಅಳೆಯೋಣ" ಎಂದಳು. ನನ್ನ ಕಸುಬಿನ ಮಾತು ಕಲಿತುಬಿಟ್ಟಿದ್ದಳು.

ದೀಪಾವಳಿಗೆ ಮೂರ್ನಾಲ್ಕು ದಿನ ಇರುವಾಗ ಮರು ಅಳತೆಗೆ ದಿನ ಗೊತ್ತಾಯಿತು. ಅಳೆಯಲು ಬಂದವರು ಬೇರೆ ಸರ್ವೇರ್, ನಾನು ಹಾಜರಿರಬೇಕಿತ್ತು ಅಷ್ಟೇ. ಸರಪಳಿ ಹಿಡಿಯುವ ಆಳೊಬ್ಬ ಬಂದಿರಲಿಲ್ಲ. "ನಾನು ಹಿಡೀತೀನಿ" ಎಂದೆ. ಇಪ್ಪತ್ತೈದು ವರ್ಷ ಹಿಡಿಸಿದವನು ಅವತ್ತು ಮೊದಲ ಸಲ ಸರಪಳಿಯ ಕೊನೆ ಹಿಡಿದು ಕೆಸರಿನಲ್ಲಿ ಬಗ್ಗಿ ನಡೆದೆ. ಮಳೆ ಹಿಂದಾಗಿತ್ತು. ಕಬ್ಬು ಸೂಲಂಗಿ ಹೂ ಬಿಡುವುದರಲ್ಲಿತ್ತು, ಚಿಕ್ಕತಾಯಮ್ಮನ ರಾಗಿ ತೆನೆ ಬಾಗಿತ್ತು. "ಐದು ಸರಪಳಿ!" ಎಂದು ಕೂಗಿದರು. ನಾನು ಐದಾಣೆಯ ಬಿಲ್ಲೆ ದಾಟಿ, ಹತ್ತು ದಾಟಿ, ಹನ್ನೊಂದಕ್ಕೆ ನಿಂತೆ. ಸಮಾಧಿಯ ಕಟ್ಟೆ ನನ್ನ ಹಿಂದೆ ಉಳಿಯಿತು. ಪುಟ್ಟಮಾದಪ್ಪ ತಾನೇ ಹಾರೆ ಹಿಡಿದು ನನ್ನ ಹಳೆಯ ಕಲ್ಲನ್ನು ಮೀಟಿದ. "ನಂಗೂ ಇದು ಸರಿ ಕಾಣ್ತಿರ್ನಿಲ್ಲ ಕಣಪ್ಪ. ಸರ್ವೇರ್ ಮಾತು ಅಂತ ಸುಮ್ಕಿದ್ದೆ" ಎಂದ.

ಚಿಕ್ಕತಾಯಮ್ಮ ಕಟ್ಟೆಗೆ ಒಂದು ಕೊಡ ನೀರು ಹೊಯ್ದು ಸೆರಗಿನಲ್ಲಿ ಒರೆಸಿದಳು. ಗೂಡಿನಲ್ಲಿ ದೀಪ ಹಚ್ಚಿದಳು. "ಬಂದ್ರಾ ವಾಪಸ್ಸು?" ಎಂದು ಸಮಾಧಿಯಲ್ಲಿದ್ದ ಗಂಡನನ್ನು ಕೇಳಿದಳು, ನಮ್ಮನ್ನಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ಮೂರ್ ತಿಂಗ್ಳು ಅವ್ರ ಒಪ್ಗೆ ಕೇಳ್ಕಂಡು ದೀಪ ಅಚ್ಚಿವ್ನಿ ಸಾ. ನನ್ ಗಂಡನ್ಗೆ."

"ತಪ್ಪಾಯ್ತಮ್ಮ. ನಾನು ಕುಡಿದಿದ್ದೆ" ಎಂದೆ. ಕಚೇರಿಯಲ್ಲಿ ಬರೆಯುವುದು ಸುಲಭವಿತ್ತು. ಅವಳ ಮುಂದೆ ನಿಂತು ಹೇಳಲು ನಾಲಿಗೆ ತಡವರಿಸಿತು.

"ಗೊತ್ತು ಬುಡಿ." ನನ್ನ ಕೈಗಳನ್ನು ನೋಡಿದಳು. ನೋಡಲಿ ಎಂದು ನಾನೂ ಮುಂದೆ ಚಾಚಿದೆ. ಬೆರಳ ತುದಿಯಲ್ಲಿ ಸಣ್ಣದೊಂದು ಅದುರು ಇನ್ನೂ ಇತ್ತು. "ಆಸ್ಪತ್ರೆಗೋಗಿದ್ರಾ?"

"ಹೋಗಿದ್ದೆ. ಈಗಲೂ ಪ್ರತಿ ಮಂಗಳವಾರ ಹೋಗ್ತೀನಿ."

"ಬುಟ್ಟು ಎಷ್ಟ್ ದಿನ ಆಯ್ತು?"

ಆಸ್ಪತ್ರೆಗೆ ಸೇರಿದ ದಿನದಿಂದ ಎಣಿಸಿದರೆ ಎಪ್ಪತ್ತರ ಹತ್ತಿರ ಆಗುತ್ತಿತ್ತು. ಎಪ್ಪತ್ತು ಎಂದರೆ ಕೇಳುವವರಿಗೂ ತೂಕ, ಹೇಳುವವನಿಗೂ ಮಾನ. ನಡುವಿನ ಒಂದು ಆಯುಧಪೂಜೆಯನ್ನು ಇವಳಿಗೆ ಹೇಳಲೇಬೇಕೆಂದು ಏನಿತ್ತು? ಬಾಯಿ ತೆರೆದೆ. ಹೊಸ ಕಲ್ಲಿನ ಬುಡಕ್ಕೆ ಪುಟ್ಟಮಾದಪ್ಪ ಮಣ್ಣು ತುಳಿಯುತ್ತಿದ್ದ.

"ಹದಿನಾರು" ಎಂದೆ.

"ಅದಿನಾರಾ?" ಎಂದು ಚಿಕ್ಕತಾಯಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಅಂಗಾರೆ ನಿಜಾನೇ ಇರ್ಬೇಕು. ಸುಳ್ ಏಳೋರು ಅಷ್ಟ್ ಕಮ್ಮಿ ಏಳಾಕಿಲ್ಲ. ನಮ್ಮೋರು ಯಾವತ್ತೂ ನೂರಕ್ಕೆ ಕಮ್ಮಿ ಏಳ್ನಿಲ್ಲ." ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು. "ಉಳ್ಕತೀರಿ ಬುಡಿ ಸಾ."